ಕ್ಯಾಶ್‌ಬ್ಯಾಕ್ ಕಾರ್ಡು, ನೋ ಕಾಸ್ಟ್ ಇಎಂಐ: ಹದಿನಾಲ್ಕು ತಿಂಗಳು ಬಳಸಿ, ಲೆಕ್ಕ ಬರೆದು ಹೇಳ್ತಿರೋದು

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಸ್ಯಾಲರಿ ಅಕೌಂಟ್ ಇರೋ ಬ್ಯಾಂಕಿಂದಾನೇ ಒಂದು ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ ತಗೊಂಡೆ. ಬ್ಯಾಂಕ್ ಹೆಸರು ಹಾಕಲ್ಲ, ಯಾಕಂದ್ರೆ ನಾನು ಹೇಳ್ತಿರೋ ವಿಷಯ ಆ ಒಂದು ಬ್ಯಾಂಕಿಂದು ಮಾತ್ರ ಅಲ್ಲ, ಇದೇ ತರದ ಕಾರ್ಡ್ ಇವತ್ತು ಹತ್ತು ಕಡೆ ಕೊಡ್ತಿದಾರೆ, ನಿಯಮಗಳೂ ಹೆಚ್ಚುಕಮ್ಮಿ ಒಂದೇ ಇರ್ತವೆ. ನಾನು ಇರೋದು ತುಮಕೂರು ಬಟವಾಡಿ ಕಡೆ, ಕೆಲಸ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸು, ಸಂಬಳ ಕೈಗೆ ಬರೋದು 32 ಸಾವಿರ, ಬರೋದು 7ನೇ ತಾರೀಕು. ಈ 7ನೇ ತಾರೀಕು ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಕಾರ್ಡ್ ಕೊಡುವಾಗ ಹೇಳಿದ್ದು ಇಷ್ಟು. ಆನ್‌ಲೈನ್ ಖರೀದಿಗೆ 5 ಪರ್ಸೆಂಟ್ ವಾಪಸ್, ಅಂಗಡೀಲಿ ಉಜ್ಜಿದ್ರೆ 1 ಪರ್ಸೆಂಟ್ ವಾಪಸ್, ತಿಂಗಳಿಗೆ ಜಾಸ್ತಿ ಅಂದ್ರೆ 1,000 ರೂಪಾಯಿ. ಜಾಯ್ನಿಂಗ್ ಫೀ 999, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,179. ವರ್ಷಕ್ಕೆ ಒಂದೂವರೆ ಲಕ್ಷ ಖರ್ಚು ಮಾಡಿದ್ರೆ ಮುಂದಿನ ವರ್ಷದ ಫೀ ಮನ್ನಾ. ಜೊತೆಗೆ ದೊಡ್ಡ ಅಂಗಡಿಗಳಲ್ಲಿ ನೋ ಕಾಸ್ಟ್ ಇಎಂಐ, ಅಂದ್ರೆ ಅವರ ಮಾತಲ್ಲಿ ಬಡ್ಡಿ ಇಲ್ಲದ ತಿಂಗಳ ಕಂತು. ಲಿಮಿಟ್ 75 ಸಾವಿರ ಕೊಟ್ರು.

ಮೊದಲು ಚೆನ್ನಾಗಿರೋದನ್ನ ಹೇಳ್ತೀನಿ. ಕ್ಯಾಶ್‌ಬ್ಯಾಕ್ ನಿಜವಾಗ್ಲೂ ಬರತ್ತೆ. ಪಾಯಿಂಟು, ವೋಚರು, ಅದನ್ನ ರಿಡೀಮ್ ಮಾಡೋಕೆ ಇನ್ನೊಂದು ಆ್ಯಪ್ಪು, ಅದೆಲ್ಲಾ ಇಲ್ಲ. ಈ ತಿಂಗಳು ಖರ್ಚು ಮಾಡಿದ್ದಕ್ಕೆ ಮುಂದಿನ ಬಿಲ್‌ನಲ್ಲಿ ಅಷ್ಟು ದುಡ್ಡು ಮೈನಸ್ ಆಗಿ ಬರತ್ತೆ, ಲೆಕ್ಕ ನೋಡೋಕೂ ಸುಲಭ. ಅಮ್ಮನ ಶುಗರ್ ಸ್ಟ್ರಿಪ್ಪು, ಕೆಲವು ಮಾತ್ರೆ ಆನ್‌ಲೈನಲ್ಲೇ ತರಿಸ್ತೀನಿ, ಅದಕ್ಕೆಲ್ಲಾ 5 ಪರ್ಸೆಂಟ್ ಸಿಕ್ತು. ಎಸ್‌ಎಸ್ ಪುರಂನಲ್ಲಿ ತಿಂಗಳ ದಿನಸಿ ತರೋ ಅಂಗಡೀಲಿ ಉಜ್ಜಿದ್ದಕ್ಕೆ 1 ಪರ್ಸೆಂಟ್. ಹದಿನಾಲ್ಕು ತಿಂಗಳಲ್ಲಿ ಆನ್‌ಲೈನ್ 46 ಸಾವಿರ, ಅಂಗಡೀಲಿ 1 ಲಕ್ಷ 34 ಸಾವಿರ ಆಗಿದೆ, ವಾಪಸ್ ಬಂದಿದ್ದು 2,300 ಪ್ಲಸ್ 1,340, ಒಟ್ಟು 3,640 ರೂಪಾಯಿ. ಒಂದು ಪೈಸೆ ತಪ್ಪಿಲ್ಲ, ಪ್ರತಿ ತಿಂಗಳೂ ಪುಸ್ತಕದಲ್ಲಿ ಬರೆದು ಟಿಕ್ ಹಾಕಿದೀನಿ.

ಆದ್ರೆ ಯಾವುದಕ್ಕೆ ಬರಲ್ಲ ಅನ್ನೋ ಪಟ್ಟಿ ಉದ್ದ ಇದೆ, ಅದನ್ನ ಕಾರ್ಡ್ ಮಾರೋಕೆ ಬಂದೋರು ಬಾಯಿಬಿಟ್ಟು ಹೇಳಲ್ಲ. ಪೆಟ್ರೋಲಿಗೆ ಇಲ್ಲ, ಮನೆ ಬಾಡಿಗೆಗೆ ಇಲ್ಲ, ಕರೆಂಟ್ ಬಿಲ್ಲಿಗೆ ಇಲ್ಲ, ಇನ್ಶೂರೆನ್ಸ್‌ಗೆ ಇಲ್ಲ, ಸ್ಕೂಲ್ ಫೀಸಿಗೆ ಇಲ್ಲ, ಚಿನ್ನಕ್ಕೆ ಇಲ್ಲ, ವಾಲೆಟ್‌ಗೆ ದುಡ್ಡು ಹಾಕಿದ್ರೆ ಇಲ್ಲ. ನಮ್ಮಂಥ ಮನೇಲಿ ತಿಂಗಳ ಖರ್ಚಲ್ಲಿ ಮುಕ್ಕಾಲು ಪಾಲು ಇದೇ ತಾನೆ. ಇನ್ನು ಮಂಡಿಪೇಟೇಲಿ ಹುಣಸೆಹಣ್ಣು, ಬೇಳೆ ತಗೊಳ್ಳೋವಾಗ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಾಗ, ತರಕಾರಿ ಗಾಡಿ ಹತ್ರ, ಎಲ್ಲಾ ಕಡೆ ಸ್ಕ್ಯಾನ್ ಮಾಡೋದೇ ಆಗಿದೆ, ಯುಪಿಐಗೆ ಲಿಂಕ್ ಮಾಡೋಕೆ ಆಗೋದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ, ನಂದು ರುಪೇ ಅಲ್ಲ, ಹಂಗಾಗಿ ಅಲ್ಲೆಲ್ಲಾ ಈ ಕಾರ್ಡ್ ಪರ್ಸಲ್ಲೇ ಇರತ್ತೆ. ಚಿಕ್ಕಪೇಟೆ ಕಡೆ ಒಂದು ಬಟ್ಟೆ ಅಂಗಡೀಲಿ ಕಾರ್ಡ್ ಕೊಟ್ರೆ ಎರಡು ಪರ್ಸೆಂಟ್ ಸೇರಿಸ್ತೀವಿ ಅಂದ್ರು. ಬ್ಯಾಂಕ್ ಒಂದು ಪರ್ಸೆಂಟ್ ಕೊಡತ್ತೆ, ಅಂಗಡಿಯವರು ಎರಡು ಪರ್ಸೆಂಟ್ ತಗೋತಾರೆ, ಅಂದ್ರೆ ಕ್ಯಾಶ್‌ಬ್ಯಾಕ್ ಆಸೆಗೆ ಉಜ್ಜಿದ್ರೆ ನೂರಕ್ಕೆ ಒಂದು ರೂಪಾಯಿ ಕೈಯಿಂದ ಹೋಯ್ತು. ಅಲ್ಲಿ ಕ್ಯಾಶ್ ಕೊಟ್ಟು ಬಂದೆ.

ಈಗ ಇಎಂಐ ಕಥೆ. ಇದನ್ನ ಹೇಳೋಕೇ ಇಷ್ಟು ಬರೀತಿರೋದು.

ಏಪ್ರಿಲ್ ತಿಂಗಳಲ್ಲಿ, ಸುಡುಬಿಸಿಲಲ್ಲಿ, ನಮ್ಮ ಹಳೇ ಫ್ರಿಜ್ ಕೆಟ್ಟೋಯ್ತು. ಕಂಪ್ರೆಸರ್ ಹೋಗಿದೆ, ಗ್ಯಾಸ್ ತುಂಬಿಸಿದ್ರೂ ನಿಲ್ಲಲ್ಲ ಅಂದ್ರು ಮೆಕ್ಯಾನಿಕ್. ಹಾಲು ಒಡೆದ್ರೆ ಒಡೀಲಿ, ಸಾರು ಹಳಸಿದ್ರೆ ಹಳಸಲಿ, ಆದ್ರೆ ಅಮ್ಮ ಇನ್ಸುಲಿನ್ ತಗೋತಾರೆ. ಓಪನ್ ಮಾಡದೇ ಇರೋ ಇನ್ಸುಲಿನ್ನ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಎರಡು ದಿನ ಪಕ್ಕದ ಮನೆಯವರ ಫ್ರಿಜ್ ಬಾಗಿಲಲ್ಲಿ ಒಂದು ಟಿಫಿನ್ ಡಬ್ಬಿಗೆ ಹಾಕಿ ಇಟ್ವಿ. ಬಳಸ್ತಿದ್ದ ಪೆನ್ನನ್ನ ಅಮ್ಮ ಮಣ್ಣಿನ ಮಡಕೆ ಒಳಗೆ ಸಣ್ಣ ಸ್ಟೀಲ್ ಲೋಟದಲ್ಲಿಟ್ಟು, ಮಡಕೆಗೆ ಸುತ್ತ ಒದ್ದೆ ಬಟ್ಟೆ ಸುತ್ತಿ, ಕಿಟಕಿ ಕೆಳಗೆ ಇಟ್ಟಿದ್ರು, ಗಂಟೆಗೊಂದ್ಸಲ ಬಟ್ಟೆ ಮುಟ್ಟಿ ನೋಡಿ ಒಣಗಿದ್ರೆ ನೀರು ಚಿಮುಕಿಸೋರು. ಬೆಳಿಗ್ಗೆ ಸಾಯಂಕಾಲ ಪಕ್ಕದ ಮನೆ ಬಾಗಿಲು ತಟ್ಟೋಕೆ ಅಮ್ಮಂಗೆ ಸಂಕೋಚ, ಅವರೇನೋ ಪಾಪ ನಗ್ತಾನೇ ತೆಗೀತಿದ್ರು. ಆ ಎರಡು ದಿನದಲ್ಲಿ ನಂಗೆ ಯೋಚನೆ ಮಾಡೋಕೆ ಟೈಮೇ ಇರ್ಲಿಲ್ಲ, ಅಂಥ ಹೊತ್ತಲ್ಲೇ ನಾವೆಲ್ಲಾ ಇಎಂಐ ತಗೊಳ್ಳೋದು, ಆರಾಮಾಗಿ ಕೂತು ಲೆಕ್ಕ ಹಾಕಿ ಅಲ್ಲ.

ಮೊದಲು ಅಶೋಕ ರೋಡ್ ಕಡೆ ಒಂದು ಹಳೇ ಅಂಗಡಿಗೆ ಹೋದ್ವಿ. ಎರಡು ಬಾಗಿಲಿನ ಫ್ರಿಜ್, 42 ಸಾವಿರ ಅಂದ್ರು, ಕ್ಯಾಶ್ ಆದ್ರೆ 40,500ಕ್ಕೆ ಕೊಡ್ತೀನಿ ಅಂದ್ರು. ನನ್ನ ಹತ್ರ ಆಗ ಇದ್ದಿದ್ದು 11 ಸಾವಿರ. ಬಿ.ಎಚ್. ರೋಡಲ್ಲಿರೋ ದೊಡ್ಡ ಶೋರೂಮ್‌ಗೆ ಹೋದ್ವಿ, ಅದೇ ಕಂಪನಿ, ಅದೇ ಮಾಡೆಲ್, ಅಲ್ಲೂ 42 ಸಾವಿರ, ಆದ್ರೆ ಆರು ತಿಂಗಳು ನೋ ಕಾಸ್ಟ್ ಇಎಂಐ, ತಿಂಗಳಿಗೆ 7 ಸಾವಿರ. ಕೌಂಟರಲ್ಲಿದ್ದ ಹುಡುಗ ತುಂಬಾ ಒಳ್ಳೆಯವನು, ಅಮ್ಮಂಗೆ ಚೇರ್ ಹಾಕಿ ನೀರು ಕೊಟ್ಟ, ಸಾಯಂಕಾಲದೊಳಗೆ ಮನೆಗೆ ಕಳಿಸ್ತೀವಿ ಅಂದ, ಕಳಿಸಿದ್ದೂ ಹೌದು. ಮೇಡಂ ಆರು ಏಳ್ಲ 42, ಒಂದ್ ರೂಪಾಯಿ ಎಕ್ಸ್‌ಟ್ರಾ ಇಲ್ಲ ಅಂದ. ಅವನು ಸುಳ್ಳು ಹೇಳಿದ ಅಂತ ನಾನು ಅನ್ನಲ್ಲ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ.

ಮೆಷಿನ್‌ಗೆ ಕಾರ್ಡ್ ಹಾಕಿ, ಪಿನ್ ಹೊಡೆದ ಮೇಲೆ ಒಂದು ಉದ್ದದ ಚೀಟಿ ಬಂತು. ಸೈನ್ ಮಾಡಿ ಅಂದ. ನಂಗೆ ದಿನಾ ಇನ್‌ವಾಯ್ಸ್ ನೋಡಿ ಅಭ್ಯಾಸ ಅಲ್ವಾ, ಸೈನ್ ಮಾಡೋಕೆ ಮುಂಚೆ ಓದಿದೆ. ಅದರಲ್ಲಿ ಲೋನ್ ಅಮೌಂಟ್ 40,107 ಅಂತಿತ್ತು. ಬಡ್ಡಿ ದರ 16 ಪರ್ಸೆಂಟ್ ಅಂತಿತ್ತು. ಇಎಂಐ 7,000, ಒಟ್ಟು ಕಟ್ಟೋದು 42,000. ಇದೇನಪ್ಪಾ ಬಡ್ಡಿ ಇಲ್ಲ ಅಂದ್ರಿ 16 ಪರ್ಸೆಂಟ್ ಇದೆ ಅಂದೆ. ಅದು ಹಂಗೇ ಬರತ್ತೆ ಮೇಡಂ, ಡಿಸ್ಕೌಂಟಲ್ಲಿ ಕಟ್ ಆಗಿದೆ ಅಂದ. ಹಿಂದೆ ಇನ್ನೂ ಮೂರು ಜನ ನಿಂತಿದ್ರು, ಅಮ್ಮಂಗೆ ಸುಸ್ತಾಗಿತ್ತು, ಸೈನ್ ಮಾಡಿದೆ. ಆ ಚೀಟಿ ಮೇಲಿನ ಅಕ್ಷರ ಎರಡು ಮೂರು ತಿಂಗಳಲ್ಲಿ ಅಳಿಸೋಗತ್ತೆ, ಅದಕ್ಕೆ ಅಲ್ಲೇ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಂಡೆ, ಆ ಫೋಟೋ ಇಲ್ದಿದ್ರೆ ಇವತ್ತು ಈ ಲೆಕ್ಕ ಹೇಳೋಕೇ ಆಗ್ತಿರ್ಲಿಲ್ಲ.

ಅವತ್ತು ರಾತ್ರಿ ಕೂತು ಬಿಡಿಸಿದೆ. ನೋ ಕಾಸ್ಟ್ ಅಂದ್ರೆ ಬ್ಯಾಂಕ್ ಬಡ್ಡಿ ಬಿಟ್ಟಿದೆ ಅಂತ ಅಲ್ಲ. ಬ್ಯಾಂಕ್ ಬಡ್ಡಿ ತಗೊಂಡೇ ತಗೊಳ್ಳತ್ತೆ. ಆರು ತಿಂಗಳಿಗೆ ಎಷ್ಟು ಬಡ್ಡಿ ಆಗತ್ತೋ, ನನ್ನ ಕೇಸಲ್ಲಿ 1,893 ರೂಪಾಯಿ, ಅಷ್ಟನ್ನ ಅಂಗಡಿಯವರೋ ಫ್ರಿಜ್ ಕಂಪನಿಯವರೋ ಮೊದಲೇ ಬೆಲೇಲಿ ಕಡಿಮೆ ಮಾಡಿ, 42 ಸಾವಿರದ ಬದಲು 40,107ಕ್ಕೆ ಉಜ್ಜುತ್ತಾರೆ. ಆಮೇಲೆ ಬ್ಯಾಂಕು 40,107ಕ್ಕೆ ಬಡ್ಡಿ ಹಾಕಿ ಮತ್ತೆ 42 ಸಾವಿರ ಮಾಡತ್ತೆ. ಅಂದ್ರೆ ನಂಗೆ ಸಿಗಬೇಕಾಗಿದ್ದ ಡಿಸ್ಕೌಂಟೇ ಬಡ್ಡಿಯಾಗಿ ಬ್ಯಾಂಕಿಗೆ ಹೋಯ್ತು. ಅಶೋಕ ರೋಡ್ ಅಂಗಡಿಯವರು ಕ್ಯಾಶಿಗೆ 1,500 ಬಿಡ್ತೀನಿ ಅಂದಿದ್ರಲ್ಲಾ, ಆ ಬಿಡೋ ದುಡ್ಡೇ ಇಲ್ಲಿ ಇನ್ನೊಂದು ರೂಪದಲ್ಲಿ ಇರೋದು. ಈ ಒಂದು ವಿಷಯ ಗೊತ್ತಾದ್ರೆ ಎಲ್ಲಾ ಗೊತ್ತಾದ ಹಂಗೆ.

ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು, ಸೊನ್ನೆ ಬಡ್ಡಿ ಅನ್ನೋದು ಇರೋಕೇ ಸಾಧ್ಯ ಇಲ್ಲ, ಬಡ್ಡಿನ ಪ್ರೊಸೆಸಿಂಗ್ ಫೀ ಹೆಸರಲ್ಲಿ ಮುಚ್ಚಿಟ್ಟು ಕೊಡಬೇಡಿ ಅಂತ. ಆಮೇಲೆ 2022ರಲ್ಲಿ ಕ್ರೆಡಿಟ್ ಕಾರ್ಡ್‌ಗಳ ಬಗ್ಗೆ ದೊಡ್ಡ ನಿರ್ದೇಶನ ಬಂತು, ಆ ವರ್ಷ ಜುಲೈ 1ರಿಂದ ಜಾರಿ. ಅದರಲ್ಲಿ ಸ್ಪಷ್ಟವಾಗಿದೆ, ಇಎಂಐ ಮಾಡೋಕೆ ಮುಂಚೇನೇ ಅಸಲು ಎಷ್ಟು, ಬಡ್ಡಿ ಎಷ್ಟು, ಮೊದಲೇ ಕೊಟ್ಟ ಡಿಸ್ಕೌಂಟ್ ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು, ಬಿಲ್‌ನಲ್ಲೂ ಹಂಗೇ ತೋರಿಸಬೇಕು, ಬಡ್ಡಿ ಇರೋದನ್ನ ನೋ ಕಾಸ್ಟ್ ಅಂತ ವೇಷ ಹಾಕಿಸಿ ಕೊಡಂಗಿಲ್ಲ. ನನ್ನ ಕೇಸಲ್ಲಿ ಇದನ್ನೆಲ್ಲಾ ತೋರಿಸಿದ್ರು, ಆದ್ರೆ ಪಿನ್ ಹೊಡೆದ ಮೇಲೆ, ಚೀಟೀಲಿ. ಮುಂಚೆ ಬಾಯಲ್ಲಿ ಹೇಳಿದ್ದು ಆರು ಏಳ್ಲ 42 ಮಾತ್ರ.

ಮೇ 12ನೇ ತಾರೀಕು ಮೊದಲ ಬಿಲ್ ಬಂತು. 7,000 ಬರಬೇಕಾದ ಜಾಗದಲ್ಲಿ 7,331. ಸಾಲು ಸಾಲಾಗಿ ನೋಡಿದೆ. ಅಸಲು 6,465, ಬಡ್ಡಿ 535, ಇಲ್ಲಿಗೆ 7,000 ಸರಿಹೋಯ್ತು. ಅದರ ಕೆಳಗೆ ಬಡ್ಡಿ ಮೇಲೆ ಜಿಎಸ್‌ಟಿ 96. ಅದರ ಕೆಳಗೆ ಪ್ರೊಸೆಸಿಂಗ್ ಫೀ 199, ಅದಕ್ಕೆ ಜಿಎಸ್‌ಟಿ 36. ಈ ಫೀ ಬಗ್ಗೆ ಅಂಗಡೀಲಿ ಒಂದು ಮಾತೂ ಬಂದಿರ್ಲಿಲ್ಲ. ಅಂಗಡಿಯವರು ಬಡ್ಡಿ ಅಷ್ಟೇ ಬಿಟ್ಕೊಡೋದು, ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆ ಮೇಲೇ. ಬಡ್ಡಿ ತಿಂಗಳು ತಿಂಗಳು ಕಡಿಮೆ ಆಗ್ತಾ ಹೋಗೋದ್ರಿಂದ ಜಿಎಸ್‌ಟಿನೂ ಕಡಿಮೆ ಆಗತ್ತೆ, ಎರಡನೇ ತಿಂಗಳು 81, ಮೂರನೇದು 65, ಕೊನೇದು 17. ಆರು ತಿಂಗಳಿಗೆ ಜಿಎಸ್‌ಟಿ 341, ಫೀ 235, ಒಟ್ಟು 576 ರೂಪಾಯಿ ಜಾಸ್ತಿ ಕಟ್ಟಿದೆ. ಅದರ ಜೊತೆ ಕ್ಯಾಶ್ ರೇಟಲ್ಲಿ ಸಿಗಬೇಕಾಗಿದ್ದ 1,500. ಎರಡೂ ಸೇರಿದ್ರೆ 2,076. ಇದನ್ನ ಆರು ತಿಂಗಳ ಸಾಲಕ್ಕೆ ಹೊಂದಿಸಿ ನೋಡಿದ್ರೆ ವರ್ಷಕ್ಕೆ 17 ಪರ್ಸೆಂಟ್ ಮೇಲೇ ಬೀಳತ್ತೆ.

ಇನ್ನೊಂದು, 42 ಸಾವಿರದ ಖರೀದಿ, ಒಂದು ಪರ್ಸೆಂಟ್ ಅಂದ್ರೂ 400 ರೂಪಾಯಿ ಚಿಲ್ಲರೆ ಕ್ಯಾಶ್‌ಬ್ಯಾಕ್ ಬರಬೇಕಿತ್ತಲ್ಲ ಅಂತ ಕಾಯ್ತಿದ್ದೆ. ಬರ್ಲಿಲ್ಲ. ಇಎಂಐ ಮಾಡಿದ ಖರೀದಿಗೆ ಕ್ಯಾಶ್‌ಬ್ಯಾಕ್ ಇಲ್ಲ, ಫೀ ಮನ್ನಾ ಆಗೋ ಒಂದೂವರೆ ಲಕ್ಷದ ಲೆಕ್ಕಕ್ಕೂ ಇಲ್ಲ. ಜಾಹೀರಾತಲ್ಲಿ ಒಂದೇ ಪೋಸ್ಟರ್ ಮೇಲೆ 5 ಪರ್ಸೆಂಟ್ ಕ್ಯಾಶ್‌ಬ್ಯಾಕ್ ಮತ್ತು ನೋ ಕಾಸ್ಟ್ ಇಎಂಐ ಅಕ್ಕಪಕ್ಕ ದೊಡ್ಡ ಅಕ್ಷರದಲ್ಲಿ ಬರ್ದಿರ್ತಾರೆ, ನೋಡ್ದೋರು ಎರಡೂ ಒಟ್ಟಿಗೆ ಸಿಗತ್ತೆ ಅಂದ್ಕೊಳ್ಳೋದು ಸಹಜ. ಒಂದು ತಗೊಂಡ್ರೆ ಇನ್ನೊಂದಿಲ್ಲ. ಹಂಗೇ ಲಿಮಿಟ್ಟೂ ಅಷ್ಟೇ, 75 ಸಾವಿರದಲ್ಲಿ 40 ಸಾವಿರ ಆವತ್ತೇ ಬ್ಲಾಕ್ ಆಯ್ತು, ಕಂತು ಕಟ್ಟಿದ ಹಾಗೆ ಹಾಗೆ ಬಿಡುಗಡೆ ಆಗೋದು. ಆ ಆರು ತಿಂಗಳು ಆಸ್ಪತ್ರೆ ಏನಾದ್ರೂ ಬಂದಿದ್ರೆ ಕಾರ್ಡಲ್ಲಿ ಇದ್ದಿದ್ದು ಅರ್ಧಾನೇ.

ಈಗ ನಂಗೆ ನಿಜವಾಗ್ಲೂ ಹೊಟ್ಟೆ ಉರಿದ ವಿಷಯ. ಬಿಲ್ ಆಗೋದು 12ಕ್ಕೆ, ಕಟ್ಟೋ ಕೊನೇ ದಿನ ಮುಂದಿನ ತಿಂಗಳು 2ನೇ ತಾರೀಕು, ಸಂಬಳ ಬರೋದು 7ಕ್ಕೆ. ಪ್ರತಿ ತಿಂಗಳೂ ಹಿಂದಿನ ಸಂಬಳದಲ್ಲಿ ಎತ್ತಿಟ್ಟು ಕಟ್ಟಬೇಕು. ಜೂನಲ್ಲಿ ಮರೆತೋಗೋದು ಬೇಡ ಅಂತ ಆಟೋ ಪೇ ಹಾಕಿದೆ. ಆ ಪೇಜಲ್ಲಿ ಎರಡು ಆಯ್ಕೆ ಇರತ್ತೆ, ಪೂರ್ತಿ ಬಾಕಿ ಕಟ್ಟೋದು, ಮಿನಿಮಮ್ ಮಾತ್ರ ಕಟ್ಟೋದು. ಮಿನಿಮಮ್ ಅನ್ನೋದು ಮೊದಲೇ ಸೆಲೆಕ್ಟ್ ಆಗಿ ಕೂತಿತ್ತು, ನಾನು ಕೆಳಗೆ ಸಬ್ಮಿಟ್ ಒತ್ತಿದೆ. ಒಟ್ಟು ಬಿಲ್ 18,640. ಜುಲೈ 2ನೇ ತಾರೀಕು ಶಿರಾದಲ್ಲಿ ಅಕ್ಕನ ಮನೇಲಿದ್ದೆ, ಅವಳ ಬಾಣಂತನ, ಮನೆ ತುಂಬಾ ಜನ, ಪೇಮೆಂಟ್ ಸಕ್ಸಸ್ ಅಂತ ಮೆಸೇಜ್ ಬಂತು, ನೋಡಿ ನೆಮ್ಮದಿಯಾಗಿ ಫೋನ್ ಇಟ್ಟೆ. ಕಟ್ ಆಗಿದ್ದು 7,659 ಮಾತ್ರ, ಕಂತು ಪ್ಲಸ್ ಉಳಿದಿದ್ದರಲ್ಲಿ 5 ಪರ್ಸೆಂಟ್. ಗೊತ್ತಾಗಿದ್ದು ಮುಂದಿನ ಬಿಲ್ ಬಂದು 13ನೇ ತಾರೀಕು ಓದಿದಾಗ.

ಬಡ್ಡಿ 687, ಅದಕ್ಕೆ ಜಿಎಸ್‌ಟಿ 124. ನಾನು ಲೆಕ್ಕ ಹಾಕಿದ್ದು ಹತ್ತು ದಿನಕ್ಕೆ ನೂರಿಪ್ಪತ್ತು ರೂಪಾಯಿ ಇರಬಹುದು ಅಂತ. ಅದು ಹಂಗಲ್ಲ. ಪೂರ್ತಿ ಬಿಲ್ ಕಟ್ಟದೇ ಇದ್ರೆ ಬಡ್ಡಿ ಇಲ್ಲದ ದಿನಗಳು ಅಂತ ಕೊಟ್ಟಿರ್ತಾರಲ್ಲ ಅದೇ ಹೋಗ್ಬಿಡತ್ತೆ, ಒಂದೊಂದು ಖರೀದಿಗೂ ಅದು ಆದ ದಿನದಿಂದ ಬಡ್ಡಿ ಓಡತ್ತೆ, ಮೇ 14ಕ್ಕೆ ತಂದ ಅಕ್ಕಿ ಮೂಟೆಗೆ ಮೇ 14ರಿಂದಾನೇ. ಬಿಲ್ ಆದ ಮೇಲೆ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿಂದಾನೇ ಬಡ್ಡಿ. ಅವತ್ತೇ ಪೂರ್ತಿ ಕಟ್ಟಿದೆ, ಆದ್ರೂ ಆಗಸ್ಟ್ ಬಿಲ್ಲಲ್ಲಿ 22 ರೂಪಾಯಿ ಬಾಲ ಬಂತು. ಒಟ್ಟು 833.

ದರ ಎಷ್ಟು ಗೊತ್ತಾ, ತಿಂಗಳಿಗೆ 3.5 ಪರ್ಸೆಂಟ್. ನಮ್ಮ ಕಡೆ ಮಾತಲ್ಲಿ ಹೇಳಬೇಕಂದ್ರೆ ಮೂರೂವರೆ ರೂಪಾಯಿ ಬಡ್ಡಿ. ನಮ್ಮೂರಲ್ಲಿ ಯಾರಾದ್ರೂ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದ್ರೆ ಅಯ್ಯೋ ಪಾಪ ಅಂತೀವಿ, ಮನೆ ಹಾಳಾಗತ್ತೆ ಅಂತ ದೊಡ್ಡೋರು ಬೈತಾರೆ, ಅಪ್ಪ ಇದ್ದಾಗ ಎರಡು ರೂಪಾಯಿ ಬಡ್ಡಿ ದಾಟಿ ಸಾಲ ಮಾಡ್ಬೇಡಿ ಅಂತ ಹೇಳೋರು. ಅದೇ ಮೂರೂವರೆ ರೂಪಾಯಿ ಬಡ್ಡಿನ ಚಂದದ ಕವರಲ್ಲಿ ಹಾಕಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಸೇರಿಸಿ ಮನೆಗೇ ಕೊರಿಯರ್ ಮಾಡಿದ್ರೆ ನಮಗೆ ಅದು ಬಡ್ಡಿ ಅಂತ ಅನ್ಸೋದೇ ಇಲ್ಲ. ವರ್ಷಕ್ಕೆ 42 ಪರ್ಸೆಂಟ್ ಆಯ್ತು. ಮೊದಲೆಲ್ಲಾ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟ ತೀರ್ಪೊಂದಿತ್ತು, ವರ್ಷಕ್ಕೆ 30 ಪರ್ಸೆಂಟ್ ಮೇಲೆ ತಗೊಳ್ಳೋದು ಅನ್ಯಾಯ ಅಂತ, ಅದನ್ನ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕ್ತು. ಹಂಗಾಗಿ ಈಗ ಆ ಮಿತೀನೂ ಇಲ್ಲ. ನಾನು ಮಿನಿಮಮ್ ಅಂತೂ ಕಟ್ಟಿದ್ದೆ, ಲೇಟ್ ಫೀ ಬೀಳ್ಲಿಲ್ಲ, ಸಾಲ ಸರಿಯಾಗಿ ಕಟ್ತೀವಾ ಅಂತ ಬ್ಯಾಂಕುಗಳು ನೋಡೋ ಸಿಬಿಲ್ ಸ್ಕೋರಿಗೂ ಏನೂ ಆಗ್ಲಿಲ್ಲ, ಅದೊಂದು ಸಮಾಧಾನ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದು ನಂಬರ್ ಒತ್ತಿ ಅಂತ ಹೇಳತ್ತೆ, ಒತ್ತಿದೆ, ಹದಿನೆಂಟು ನಿಮಿಷ ಕಾದ ಮೇಲೆ ಹಿಂದಿಯವರು ಎತ್ತಿದ್ರು. ಇನ್ನೊಂದ್ಸಲ ಮಾಡಿದೆ, ಆಗಲೂ ಹಂಗೇ. ನಂಗೆ ಹಿಂದಿ, ಇಂಗ್ಲಿಷ್ ಹೇಗೋ ನಡೆಯತ್ತೆ, ಆದ್ರೆ ನಮ್ಮ ಕಂಪನೀಲಿ ಪ್ಯಾಕಿಂಗ್ ಸೆಕ್ಷನ್ನಲ್ಲಿ ಇದೇ ಕಾರ್ಡ್ ತಗೊಂಡಿರೋ ಹೆಣ್ಮಕ್ಕಳು ನಾಲ್ಕೈದು ಜನ ಇದಾರೆ, ಅವರು ಬಡ್ಡಿ ಯಾಕೆ ಬಂತು ಅಂತ ಯಾರನ್ನ ಯಾವ ಭಾಷೇಲಿ ಕೇಳಬೇಕು? ಕಾರ್ಡ್ ಮಾರೋಕೆ ಬಂದಾಗ ಎಲ್ಲಾ ಅಚ್ಚ ಕನ್ನಡ, ಬಿಲ್ಲು ಇಂಗ್ಲಿಷು, ಷರತ್ತುಗಳ ಪುಸ್ತಕ ಇಂಗ್ಲಿಷು. ಇದು ನಂಗೆ 833 ರೂಪಾಯಿಗಿಂತ ಜಾಸ್ತಿ ಬೇಜಾರಾಗಿರೋ ವಿಷಯ. ಬಡ್ಡಿ ವಾಪಸ್ ಕೊಡೋಕೆ ಆಗಲ್ಲ, ಆಯ್ಕೆ ನೀವೇ ಮಾಡಿದ್ದು ಅಂದ್ರು. ಲಿಖಿತವಾಗಿ ಕಂಪ್ಲೇಂಟ್ ಹಾಕಿದೆ, ಒಂಬತ್ತು ದಿನಕ್ಕೆ ಅದೇ ಉತ್ತರ ಬಂತು. ಮೂವತ್ತು ದಿನದಲ್ಲಿ ಬ್ಯಾಂಕ್ ಉತ್ತರ ಕೊಡದೇ ಇದ್ರೆ ಅಥವಾ ಕೊಟ್ಟ ಉತ್ತರ ಸರಿ ಅನಿಸದೇ ಇದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದ್ರೆ ಗ್ರಾಹಕರ ದೂರು ವಿಚಾರಿಸೋ ಅಧಿಕಾರಿ ಹತ್ರ ಹೋಗಬಹುದು, 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಮಾಡಿದಾರೆ, ದುಡ್ಡು ಕಟ್ಟಬೇಕಾಗಿಲ್ಲ, ವಿಚಾರಿಸೋಕೆ 14448ಕ್ಕೆ ಫೋನ್ ಮಾಡಬಹುದು. ನಾನು ಹೋಗ್ಲಿಲ್ಲ, ಬಟನ್ ಒತ್ತಿದ್ದು ನಾನೇ ಆಗಿತ್ತು. ಆದ್ರೆ ಮಿನಿಮಮ್‌ನೇ ಮೊದಲಿಂದ ಸೆಲೆಕ್ಟ್ ಮಾಡಿಡೋದು ಸರಿಯಾದ ಪದ್ಧತಿ ಅಲ್ಲ, ಇದನ್ನ ಬ್ಯಾಂಕಿಗೆ ಬರೆದೂ ಹೇಳಿದೀನಿ.

ಒಂದು ಕೆಲಸ ಮಾತ್ರ ಚೆನ್ನಾಗಿ ಆಯ್ತು. ಬಿಲ್ಲಿಂಗ್ ತಾರೀಕು ಬದಲಾಯಿಸಿ ಅಂತ ಕೇಳೋ ಹಕ್ಕು ನಮಗಿದೆ, ಒಂದು ಸಲ ಆದ್ರೂ ಬದಲಾಯಿಸಿ ಕೊಡ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಆ್ಯಪ್ಪಲ್ಲೇ ರಿಕ್ವೆಸ್ಟ್ ಹಾಕಿದೆ, ಬಿಲ್ 22ಕ್ಕೆ ಆಗಿ ಕಟ್ಟೋ ದಿನ 12 ಆಯ್ತು, ಸಂಬಳ ಬಂದ ಐದನೇ ದಿನ. ಅವತ್ತಿಂದ ಒಂದು ತಿಂಗಳೂ ಒದ್ದಾಡಿಲ್ಲ. ಅಂತರಸನಹಳ್ಳಿ, ವಸಂತನರಸಾಪುರ ಕಡೆ ಕೆಲಸ ಮಾಡೋರು, ಸಂಬಳ 7ಕ್ಕೋ 10ಕ್ಕೋ ಬರೋರು, ಕಾರ್ಡ್ ತಗೊಂಡ ಮೊದಲ ವಾರದಲ್ಲೇ ಈ ಕೆಲಸ ಮಾಡಿಸ್ಕೊಳ್ಳಿ.

ಗೌರಿ ಹಬ್ಬದ ಹೊತ್ತಿಗೆ ನನ್ನ ಚೀಟಿ ದುಡ್ಡು ಬಂತು. ನಾಲ್ಕು ಕಂತು ಮುಗಿದಿತ್ತು, ಉಳಿದ ಅಸಲು 13,725, ಸಾಲ ತೀರಿಸಿ ನೆಮ್ಮದಿಯಾಗಿರೋಣ ಅಂತ ಅಮ್ಮ ಅಂದ್ರು. ಕೇಳಿದ್ರೆ ಮುಂಚೆ ಮುಗಿಸೋಕೆ ಉಳಿದ ಅಸಲಿನ ಮೇಲೆ 3 ಪರ್ಸೆಂಟ್, ಅಂದ್ರೆ 412, ಜಿಎಸ್‌ಟಿ ಸೇರಿ 486. ಸುಮ್ನೆ ಕಂತು ಕಟ್ಕೊಂಡು ಹೋದ್ರೆ ಉಳಿದ ಎರಡು ತಿಂಗಳ ಬಡ್ಡಿ, ಜಿಎಸ್‌ಟಿ ಎಲ್ಲಾ ಸೇರಿ 325. ಬೇಗ ತೀರಿಸಿದ್ರೇ ಜಾಸ್ತಿ ಖರ್ಚು. ಆ ದುಡ್ಡನ್ನ ಬೇರೆ ಎತ್ತಿಟ್ಟು ಕಂತು ಕಂತಾಗೇ ಕಟ್ಟಿದೆ. ಅಮ್ಮಂಗೆ ಇದು ಕೊನೇವರೆಗೂ ಅರ್ಥ ಆಗ್ಲಿಲ್ಲ, ದುಡ್ಡಿದ್ದೂ ಸಾಲ ಯಾಕಿಟ್ಕೊಂಡಿದೀಯ ಅಂತ ಅಕ್ಟೋಬರ್ ತನಕ ಕೇಳ್ತಾನೇ ಇದ್ರು, ಅವರ ಮಾತಲ್ಲಿ ನ್ಯಾಯ ಇಲ್ಲ ಅಂತ ಹೇಳೋಕೂ ನಂಗೆ ಮನಸ್ಸು ಬರಲ್ಲ.

ನನ್ನ ಪುಸ್ತಕದ ಲೆಕ್ಕ ಹೀಗಿದೆ. ಬಂದಿದ್ದು 3,640. ಹೋಗಿದ್ದು ಜಾಯ್ನಿಂಗ್ ಫೀ 1,179, ಇಎಂಐ ಮೇಲಿನ ಜಿಎಸ್‌ಟಿ ಮತ್ತು ಫೀ 576, ಜುಲೈ ಬಡ್ಡಿ 833, ಒಟ್ಟು 2,588. ಉಳಿದಿದ್ದು 1,052. ಕ್ಯಾಶ್ ರೇಟಿನ 1,500 ಬಿಟ್ಟಿದ್ದೂ ಸೇರಿಸಿದ್ರೆ 448 ರೂಪಾಯಿ ಕೈಯಿಂದಾನೇ ಹೋಗಿದೆ. ಎರಡನೇ ವರ್ಷದ ಫೀ ಮನ್ನಾ ಆಗಿದೆ, ಒಂದೂವರೆ ಲಕ್ಷ ಸ್ವಲ್ಪದರಲ್ಲಿ ದಾಟಿತ್ತು. ಜುಲೈ ತಪ್ಪು ಆಗದೇ ಇದ್ದಿದ್ರೆ, ಇಎಂಐ ತಗೊಳ್ಳದೇ ಇದ್ದಿದ್ರೆ 2,461 ನಿವ್ವಳ ಲಾಭ ಇರ್ತಿತ್ತು. ಆದ್ರೆ ಆ ಎರಡು ದಿನದಲ್ಲಿ ನಂಗೆ ಬೇರೆ ದಾರಿ ಇರ್ಲಿಲ್ಲ ಅನ್ನೋದೂ ನಿಜ. ಕೈಗಡ ತಂದಿದ್ರೆ ಮೂರು ರೂಪಾಯಿ ಬಡ್ಡಿ ಕಟ್ತಿದ್ದೆ, ಒಡವೆ ಅಡ ಇಟ್ಟಿದ್ರೆ ಬ್ಯಾಂಕಲ್ಲಿ ಇದಕ್ಕಿಂತ ಕಡಿಮೆ ಬಡ್ಡಿಗೆ ಸಿಗ್ತಿತ್ತು, ಆದ್ರೆ ಅಮ್ಮನ ಎರಡೆಳೆ ಸರ ಒಂದೇ ಇರೋದು, ಅದನ್ನ ಬಿಚ್ಚು ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಫ್ರಿಜ್ ಅವತ್ತೇ ಸಾಯಂಕಾಲ ಮನೆಗೆ ಬಂತು, ಇನ್ಸುಲಿನ್ ಡಬ್ಬಿ ಪಕ್ಕದ ಮನೆಯಿಂದ ವಾಪಸ್ ಬಂತು. ಅದಕ್ಕೆ ಎರಡು ಸಾವಿರ ಕೊಟ್ಟೆ ಅಂತ ನಂಗೆ ಬೇಸರ ಇಲ್ಲ, ಎರಡು ಸಾವಿರ ಕೊಡ್ತಿದೀನಿ ಅಂತ ಯಾರೂ ಹೇಳ್ದೇ ಇದ್ದಿದ್ದಕ್ಕೆ ಬೇಸರ.

ಕಾರ್ಡ್ ಇಟ್ಕೊಂಡಿದೀನಿ. ತಿಂಗಳ ದಿನಸಿ, ಔಷಧಿ, ಅಷ್ಟೇ, ಆಟೋ ಪೇ ಪೂರ್ತಿ ಬಾಕಿಗೆ ಬದಲಾಯಿಸಿದೀನಿ, ಬದಲಾಯಿಸಿದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ. ಎಟಿಎಂನಲ್ಲಿ ಈ ಕಾರ್ಡಿಂದ ದುಡ್ಡು ಒಂದ್ಸಲಾನೂ ತೆಗೆದಿಲ್ಲ, ತೆಗೀಬೇಡಿ, ಅದಕ್ಕೆ ಫೀ ಬೇರೆ, ಮೊದಲ ದಿನದಿಂದ ಬಡ್ಡಿ ಬೇರೆ. ಬೇಡ ಅನಿಸಿದ್ರೆ ಬಾಕಿ ಪೂರ್ತಿ ತೀರಿಸಿ ಕ್ಲೋಸ್ ಮಾಡಿ ಅಂತ ಕೇಳಿ, ಏಳು ಕೆಲಸದ ದಿನದೊಳಗೆ ಮಾಡಬೇಕು, ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಮಗೆ ಕೊಡಬೇಕು ಅಂತ ನಿಯಮ ಇದೆ. ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದ್ರೆ ಕ್ಯಾಶ್‌ಬ್ಯಾಕ್‌ಗೆ ನಾಲ್ಕು, ಇಎಂಐಗೆ ಎರಡು, ಕನ್ನಡದಲ್ಲಿ ಮಾತಾಡೋ ವಿಷಯಕ್ಕೆ ಒಂದೂ ಕೊಡಲ್ಲ.

ಹೋದ ವಾರ ಪಕ್ಕದ ಮನೆಯವರು, ಅದೇ ಇನ್ಸುಲಿನ್ ಇಟ್ಕೊಂಡವರು, ವಾಷಿಂಗ್ ಮೆಷಿನ್ ತಗೋಬೇಕು ಬಾ ಅಂತ ಕರ್ಕೊಂಡು ಹೋದ್ರು. ಅದೇ ಬಿ.ಎಚ್. ರೋಡ್ ಶೋರೂಮು, 24 ಸಾವಿರ, ಒಂಬತ್ತು ತಿಂಗಳು ನೋ ಕಾಸ್ಟ್. ಮೆಷಿನ್‌ಗೆ ಕಾರ್ಡ್ ಹಾಕೋಕೆ ಮುಂಚೆ ನಾನೇ ಕೇಳಿದೆ, ಈಗಲೇ ಪೂರ್ತಿ ದುಡ್ಡು ಕೊಟ್ರೆ ಎಷ್ಟಕ್ಕೆ ಕೊಡ್ತೀರಾ, ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿ ಎಷ್ಟು, ಬರ್ದು ಕೊಡಿ ಅಂತ. ಈ ಸಲ ಬೇರೆ ಹುಡುಗ ಇದ್ದ, ಒಳಗೆ ಹೋಗಿ ಮ್ಯಾನೇಜರ್ ಹತ್ರ ಕೇಳ್ಕೊಂಡು ಬಂದು ಎಸ್ಟಿಮೇಟ್ ಹಾಳೆ ಹಿಂದೆ ಪೆನ್ನಲ್ಲಿ ಬರ್ದ, ಫುಲ್ ಪೇಮೆಂಟ್ 22,800. ಅವರು ಆ ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು, ಅವರ ಚೀಟಿ ಮುಂದಿನ ತಿಂಗಳು ಬರತ್ತಂತೆ, ಅಲ್ಲೀವರೆಗೂ ಕೈಯಲ್ಲೇ ಒಗೀತೀನಿ ಬಿಡು ಅಂದ್ರು.